ಗುಂಡ್ಲುಪೇಟೆಯ ಉಗಮ ಮತ್ತು ವಿಸ್ತಾರ

ಗುಂಡ್ಲುಪೇಟೆಯು ಕರ್ನಾಟಕದ ದಕ್ಷಿಣದಂಚಿನ ಚಾಮರಾಜನಗರ ಜಿಲ್ಲೆಯ ಒಂದು ಪಟ್ಟಣ ಹಾಗೂ ತಾಲ್ಲೂಕು ಕೇಂದ್ರ. ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿ, ಕಪಿಲೆಯ ಉಪನದಿಯಾದ ಗುಂಡ್ಲು ಹೊಳೆಯ ದಡದಲ್ಲಿದೆ. ಈ ಹೊಳೆಗೆ ಕೌಂಡಿನ್ಯ ಎಂಬ ಹೆಸರೂ ಉಂಟು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾಗುವವರೆಗೆ ಈ ತಾಲ್ಲೂಕು ಮೈಸೂರು ಜಿಲ್ಲೆಗೆ ಸೇರಿತ್ತು.

ಹೆಸರು

ಊರಿನ ಪ್ರಾಚೀನ ಹೆಸರು ವಿಜಯಪುರ. ಆದಿಲಶಾಹಿಗಳ ರಾಜಧಾನಿಯಾಗಿದ್ದ ಉತ್ತರ ಕರ್ನಾಟಕದ ವಿಜಯಪುರವೇ ಬೇರೆ. ವಿದ್ಯಾರ್ಥಿಗಳು ಎರಡನ್ನೂ ಬೆರೆಸಬಾರದು. ಈಗಿನ ಹೆಸರಿನಲ್ಲಿ ಹೊಳೆಯೂ ಇದೆ, ವ್ಯಾಪಾರವೂ ಇದೆ. ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಕೋಟೆ ಆಡಳಿತದ ನೆಲೆಯಾದರೆ, ಪೇಟೆ ವರ್ತಕರ ಮತ್ತು ಕುಶಲಕರ್ಮಿಗಳ ನೆಲೆ. ಬೆಂಗಳೂರಿನಲ್ಲಿಯೂ ಇದೇ ವಿಭಾಗವನ್ನು ಕಾಣಬಹುದು.

ಉಗಮ

ಮೊದಲ ವಸತಿಯ ಕುರುಹು ವಿಜಯನಾರಾಯಣ ದೇವಾಲಯ. ಐತಿಹ್ಯವು ಇದನ್ನು ಹೊಯ್ಸಳ ವಿಷ್ಣುವರ್ಧನನ ಹೆಸರಿನೊಡನೆ ಜೋಡಿಸುತ್ತದೆ. ಆದರೆ ಆ ಕಾಲದಲ್ಲಿ, ಮುಂದೆ ವಿಜಯನಗರದ ಆಳ್ವಿಕೆಯಲ್ಲಿಯೂ, ಈ ಭಾಗದ ಪ್ರಮುಖ ಪಟ್ಟಣವೆಂದರೆ ಪೂರ್ವಕ್ಕಿರುವ ತೆರಕಣಾಂಬಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವಾಲಯವನ್ನು 1315ರಲ್ಲಿ ಕಟ್ಟಿಸಿದ ಮಾಧವ ದಣ್ಣಾಯಕನು ಆಳುತ್ತಿದ್ದುದು ಈ ಸೀಮೆಯನ್ನೇ. 17ನೇ ಶತಮಾನದ ಆರಂಭದಲ್ಲಿ ತೆರಕಣಾಂಬಿ ಮೈಸೂರು ಒಡೆಯರ ವಶವಾಯಿತು. ಇಂದು ಅದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಊರುಗಳ ಭಾಗ್ಯ ಹೀಗೆ ಅದಲುಬದಲಾಗುವುದಕ್ಕೆ ದೊರೆಯ ಒಲವೂ ಕಾರಣವಾಗುತ್ತದೆ.

ಗುಂಡ್ಲುಪೇಟೆಯ ಪಾಲಿಗೆ ಆ ದೊರೆ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704). ಪಟ್ಟಕ್ಕೆ ಬರುವ ಮುನ್ನ ಅವರು ಸಮೀಪದ ಹಂಗಳದಲ್ಲಿ ವಾಸವಾಗಿದ್ದರು. ಅವರ ತಂದೆ ದೊಡ್ಡದೇವರಾಜರು ಗುಂಡ್ಲು ತೀರದಲ್ಲಿ ಕಾಲವಾದರು. 1674ರಲ್ಲಿ ಚಿಕ್ಕದೇವರಾಜರು ಹಳೆಯ ಪೇಟೆಯನ್ನು ಒಳಗೊಂಡಂತೆ ಕೋಟೆ ಕಟ್ಟಿಸಿ, ಅಗ್ರಹಾರವನ್ನು ಸ್ಥಾಪಿಸಿ, ತಂದೆಯ ಸ್ಮರಣಾರ್ಥ ಪರವಾಸುದೇವ ದೇವಾಲಯವನ್ನು ನಿರ್ಮಿಸಿದರು. ಪೇಟೆಯನ್ನು ದೊರೆ ಹೊಸದಾಗಿ ಹುಟ್ಟಿಸಲಿಲ್ಲ, ಇದ್ದ ಪೇಟೆಗೆ ಗೋಡೆ ಕೊಟ್ಟರು ಎಂಬುದು ಇಲ್ಲಿ ಗಮನಾರ್ಹ.

ವಿಸ್ತಾರ

ಪೇಟೆ ಇಲ್ಲಿಯೇ ಬೆಳೆದುದಕ್ಕೆ ಕಾರಣ ದಾರಿಗಳು. ಮೈಸೂರಿನಿಂದ ಬಂದ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ: ಒಂದು ಬಂಡೀಪುರದ ಮೂಲಕ ಗೂಡಲೂರು, ಊಟಿಯತ್ತ, ಇನ್ನೊಂದು ಸುಲ್ತಾನ್ ಬತ್ತೇರಿಯ ಮೂಲಕ ಕಲ್ಲಿಕೋಟೆಯತ್ತ. ಪೂರ್ವದ ದಾರಿ ತೆರಕಣಾಂಬಿಯನ್ನು ಹಾದು ಚಾಮರಾಜನಗರಕ್ಕೆ ಹೋಗುತ್ತದೆ. ಮೂರು ರಾಜ್ಯಗಳ ಸರಕು ಇಂದಿಗೂ ಈ ಕವಲಿನಲ್ಲಿ ಸಂಧಿಸುತ್ತದೆ. ವನ್ಯಜೀವಿಗಳ ರಕ್ಷಣೆಗಾಗಿ 2009ರಿಂದ ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿರ್ಬಂಧವಿದೆ.

ಈಗಿನ ಪಟ್ಟಣ ಹೆದ್ದಾರಿಯ ಇಕ್ಕೆಲಗಳಲ್ಲಿ ಉದ್ದಕ್ಕೆ ಹಬ್ಬಿದೆ. ಹಳೆಯ ಊರು ಹೊಳೆಯತ್ತ ಮುಖಮಾಡಿತ್ತು. ಹೆದ್ದಾರಿಯಲ್ಲಷ್ಟೇ ಸಾಗುವವರಿಗೆ ಅದು ಕಾಣದು. ಹಳೆಯ ಊರಿನ ಹರಹನ್ನು ಅರಿಯಬಯಸುವವರು ವಿಜಯನಾರಾಯಣ ಗುಡಿಯಿಂದ ಹೊಳೆದಡದ ಪರವಾಸುದೇವ ಗುಡಿಯವರೆಗೆ ನಡೆದು ನೋಡುವುದು ಒಳಿತು. ಪರವಾಸುದೇವ ದೇವಾಲಯವು ಬಹುಕಾಲದಿಂದ ಶಿಥಿಲವಾಗಿದ್ದು, ಅಲ್ಲಿನ ಮೂರ್ತಿಗಳನ್ನು ವಿಜಯನಾರಾಯಣ ದೇವಾಲಯದಲ್ಲಿ ಇರಿಸಲಾಗಿದೆ.