ಆತಿಥೇಯ ಕೋಶದ ಮರೆಯಲ್ಲಿ ಎಚ್‌ಐವಿ: ಸೈಕ್ಲೋಫಿಲಿನ್‌-ಎ ಸಂಶೋಧನೆಯ ಚರಿತ್ರೆ

ಪೀಠಿಕೆ

ಎಚ್‌ಐವಿ-1 ವೈರಸ್ಸಿನಲ್ಲಿ ಇರುವುದು 9 ಜೀನ್‌ಗಳು ಮಾತ್ರ. ಇಷ್ಟು ಸಣ್ಣ ಬಂಡವಾಳದಿಂದ ಅದು ಮನುಷ್ಯನ ರೋಗನಿರೋಧಕ ವ್ಯವಸ್ಥೆಯನ್ನು ವರ್ಷಗಟ್ಟಲೆ ವಂಚಿಸುತ್ತದೆ. ಬೇಗಬೇಗ ರೂಪ ಬದಲಿಸುವುದು, ನಮ್ಮ ಡಿಎನ್‌ಎಯೊಳಗೆ ಸೇರಿ ಅಡಗಿಕೊಳ್ಳುವುದು ಇದಕ್ಕೆ ಎಲ್ಲರೂ ಬಲ್ಲ ಕಾರಣಗಳು. ಅಷ್ಟೇ ಮುಖ್ಯವಾದ ಮೂರನೆಯ ಕಾರಣವೆಂದರೆ, ನಮ್ಮ ಕೋಶದ ಪ್ರೋಟೀನುಗಳನ್ನೇ ಅದು ತನ್ನ ರಕ್ಷಣೆಗೆ ಬಳಸಿಕೊಳ್ಳುವುದು. ಸೈಕ್ಲೋಫಿಲಿನ್‌-ಎ ಇದರ ಅತ್ಯುತ್ತಮ ನಿದರ್ಶನ. ಅದು ವೈರಸ್ಸಿಗೆ ಬೇಕೆಂದು ತಿಳಿದದ್ದು ಬೇಗ. ಏಕೆ ಬೇಕೆಂದು ತಿಳಿಯಲು ಕಾಲು ಶತಮಾನವೇ ಹಿಡಿಯಿತು. ಯಾವ ಕೋಶದಲ್ಲಿ ಪ್ರಯೋಗ ನಡೆಯಿತು ಎಂಬುದು ಈ ವಿಳಂಬಕ್ಕೆ ದೊಡ್ಡ ಕಾರಣವೆಂಬುದು ಈ ಲೇಖನದ ವಾದ.

ಮೊದಲ ಹಂತ: 1993–2005

1993ರಲ್ಲಿ ಜೆರೆಮಿ ಲೂಬನ್‌, ಸ್ಟೀಫನ್‌ ಗಾಫ್‌ ಮತ್ತು ಸಂಗಡಿಗರು ಎಚ್‌ಐವಿಯ ಗ್ಯಾಗ್‌ ಪ್ರೋಟೀನಿಗೆ ಮನುಷ್ಯರ ಯಾವ ಪ್ರೋಟೀನು ಅಂಟಿಕೊಳ್ಳುತ್ತದೆಂದು ಯೀಸ್ಟ್‌ ಕೋಶಗಳ ನೆರವಿನಿಂದ ಹುಡುಕಿದರು. ಸಿಕ್ಕವು ಸೈಕ್ಲೋಫಿಲಿನ್‌ಗಳು. ಅಂಗಾಂಗ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್‌ ಔಷಧ ಹಿಡಿದುಕೊಳ್ಳುವುದೂ ಇದೇ ಪ್ರೋಟೀನುಗಳನ್ನು. ಸೈಕ್ಲೋಫಿಲಿನ್‌-ಎ ಹೊಸ ವೈರಸ್‌ ಕಣಗಳೊಳಗೂ ಸೇರುತ್ತದೆ, ಸೈಕ್ಲೋಸ್ಪೋರಿನ್‌ ಕೊಟ್ಟರೆ ಕಣಗಳ ಸೋಂಕುಶಕ್ತಿ ಕುಗ್ಗುತ್ತದೆ ಎಂದು 1994ರಲ್ಲಿ ಗೊತ್ತಾಯಿತು. ಗ್ಯಾಗ್‌ನ ಭಾಗದಿಂದಲೇ ಕಟ್ಟಿದ, ವೈರಸ್ಸಿನ ಒಳಕವಚವಾದ ಕ್ಯಾಪ್ಸಿಡ್ಡನ್ನು ಬಿಚ್ಚಲು ಇದು ನೆರವಾಗುತ್ತದೆ ಎಂಬ ಊಹೆ ಆಗ ಪ್ರಬಲವಾಗಿತ್ತು. ಆದರೆ ಮುಖ್ಯವಾದುದು ವೈರಸ್‌ ಹೊತ್ತು ತಂದ ಸೈಕ್ಲೋಫಿಲಿನ್‌ ಅಲ್ಲ, ಹೊಸದಾಗಿ ಸೋಂಕು ತಗಲುವ ಕೋಶದಲ್ಲಿ ಇರುವುದು ಎಂದು 2004–05ರ ಪ್ರಯೋಗಗಳು ತೋರಿಸಿದವು.

ಪ್ರಶ್ನೆಯೇ ಬದಲಾದ ಬಗೆ

2004ರಲ್ಲಿ ಜೋಸೆಫ್‌ ಸೊಡ್ರೊಸ್ಕಿ ತಂಡ ರೀಸಸ್‌ ಕೋತಿಯ ಕೋಶಗಳಲ್ಲಿ ಟ್ರಿಮ್‌5-ಆಲ್ಫಾ ಎಂಬ ಪ್ರೋಟೀನನ್ನು ಗುರುತಿಸಿತು. ಒಳಬಂದ ಕ್ಯಾಪ್ಸಿಡ್ಡನ್ನು ಹಿಡಿದು ಸೋಂಕನ್ನು ಆರಂಭದಲ್ಲೇ ತಡೆಯುವ ಕಾವಲು ಅದು. ಮನುಷ್ಯರ ಟ್ರಿಮ್‌5-ಆಲ್ಫಾ ಎಚ್‌ಐವಿಯ ಮುಂದೆ ದುರ್ಬಲವೆಂದೇ ಭಾವಿಸಲಾಗಿತ್ತು.

2013ರಲ್ಲಿ ಗ್ರೆಗ್‌ ಟವರ್ಸ್‌ ತಂಡ ಮಾನವ ಮ್ಯಾಕ್ರೋಫೇಜ್‌ಗಳಲ್ಲಿ (ರೋಗಾಣುಗಳನ್ನು ನುಂಗುವ ರಕ್ಷಕ ಕೋಶಗಳಲ್ಲಿ) ಪ್ರಯೋಗ ನಡೆಸಿತು. ಸೈಕ್ಲೋಫಿಲಿನ್‌-ಎ ಅಥವಾ ಸಿಪಿಎಸ್‌ಎಫ್‌6 ಎಂಬ ಇನ್ನೊಂದು ಕೋಶ ಪ್ರೋಟೀನಿನ ಜೊತೆ ಸೇರಲಾರದ ರೂಪಾಂತರಿ ವೈರಸ್ಸುಗಳನ್ನು ಕಂಡೊಡನೆ ಈ ಕೋಶಗಳು ಇಂಟರ್‌ಫೆರಾನ್‌ ಎಂಬ ಎಚ್ಚರಿಕೆಯ ಸಂಕೇತ ಸ್ರವಿಸಿ ಎಚ್ಚೆತ್ತವು. ಮೂಲ ವೈರಸ್‌ ಮಾತ್ರ ಸದ್ದಿಲ್ಲದೆ ನುಸುಳಿತು. 2019ರಲ್ಲಿ ಸ್ವತಃ ಲೂಬನ್‌ ತಂಡ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ರಕ್ತದಿಂದ ನೇರವಾಗಿ ಪಡೆದ ಮಾನವ ಕೋಶಗಳಲ್ಲಿ ಸೈಕ್ಲೋಫಿಲಿನ್‌-ಎ ಬಂಧವನ್ನು ತಪ್ಪಿಸಿದರೆ ನಮ್ಮ ಟ್ರಿಮ್‌5-ಆಲ್ಫಾ ಕೂಡ ಎಚ್‌ಐವಿಯನ್ನು ತಡೆಯಬಲ್ಲದು ಎಂಬುದು ಸಾಬೀತಾಯಿತು. ದುರ್ಬಲವೆನಿಸಿದ್ದ ಕಾವಲು ದುರ್ಬಲವಾಗಿರಲಿಲ್ಲ. ಅದರ ಕೈಗೆ ಸಿಗದಂತೆ ಕ್ಯಾಪ್ಸಿಡ್ಡನ್ನು ನಮ್ಮದೇ ಪ್ರೋಟೀನು ಮರೆಮಾಡಿತ್ತು. ಹಿಂದಿನ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸಿದ್ದ, ಪ್ರಯೋಗಾಲಯದಲ್ಲಿ ದೀರ್ಘಕಾಲ ಬೆಳೆಸುವ, ಕ್ಯಾನ್ಸರ್‌ ಮೂಲದ ಕೋಶಗಳಲ್ಲಿ ಸಹಜ ಪ್ರತಿರಕ್ಷಣೆ ಹಲವೊಮ್ಮೆ ಕುಂದಿರುತ್ತದೆ. ಕಾವಲೇ ಮಂಕಾದ ಕಡೆ ಮರೆಯ ಮಹತ್ವ ಕಾಣುವುದು ಕಷ್ಟ.

ಅದೇ ತಂತ್ರದ ಇತರ ರೂಪಗಳು

ವೈರಸ್ಸಿನ ಇತರ ಕೆಲವು ಪ್ರೋಟೀನುಗಳದೂ ಇದೇ ಜಾಡು. ವೈರಸ್ಸಿನ ಆನುವಂಶಿಕ ಬರಹವನ್ನು ಕೆಡಿಸಿಹಾಕುವ, ನಮ್ಮ ಕೋಶದ ಪ್ರೋಟೀನಾದ ಅಪೊಬೆಕ್‌3ಜಿಯನ್ನು ಮೈಕೆಲ್‌ ಮಾಲಿಮ್‌ ತಂಡ 2002ರಲ್ಲಿ ಗುರುತಿಸಿತು. ಎಚ್‌ಐವಿಯ ವಿಫ್‌ ಪ್ರೋಟೀನು ಕೋಶದ ತ್ಯಾಜ್ಯ ವಿಲೇವಾರಿ ವ್ಯವಸ್ಥೆಯ ಕಲ್ಲಿನ್‌-5 ಮತ್ತು ಸಿಬಿಎಫ್‌-ಬೀಟಾಗಳ ಕೈಯಿಂದಲೇ ಅದನ್ನು ನಾಶಮಾಡಿಸುತ್ತದೆ. ನೆಫ್‌ ಪ್ರೋಟೀನು ಕೋಶದೊಳಗಿನ ಸಾಗಣೆ ನೋಡಿಕೊಳ್ಳುವ ಎಪಿ-1ರ ಮೂಲಕ, ಸೋಂಕಿನ ಗುರುತನ್ನು ಹೊರಗೆ ತೋರಿಸುವ ಎಚ್‌ಎಲ್‌ಎ-ಎ ಮತ್ತು ಬಿ ಅಣುಗಳನ್ನು ಕೋಶದ ಮೇಲ್ಮೈಯಿಂದ ಸರಿಸುತ್ತದೆ. ಕೊಲ್ಲಬೇಕಾದ ಟಿ ಕೋಶಕ್ಕೆ ಸೋಂಕಿನ ಗುರುತು ಸಿಗದಾಗುತ್ತದೆ.

ಸಮಾರೋಪ

ಸೈಕ್ಲೋಸ್ಪೋರಿನ್‌ ಎಚ್‌ಐವಿಗೆ ಮದ್ದಾಗಲಾರದು, ಏಕೆಂದರೆ ಅದು ಪ್ರತಿರಕ್ಷಣೆಯನ್ನೇ ಕುಗ್ಗಿಸುತ್ತದೆ. ಆತಿಥೇಯ ಪ್ರೋಟೀನಿನ ಮೇಲೆ ಕೈಹಾಕಿದರೆ ರೋಗಿಯೂ ಬೆಲೆ ತೆರಬೇಕಾಗುತ್ತದೆ. ಬಂಧವನ್ನು ವೈರಸ್ಸಿನ ಬದಿಯಿಂದ ಮುರಿಯುವುದು ಸುರಕ್ಷಿತ ದಾರಿ. 2022ರಲ್ಲಿ ಮಾನ್ಯತೆ ಪಡೆದ, 6 ತಿಂಗಳಿಗೊಮ್ಮೆ ಚುಚ್ಚುಮದ್ದಾಗಿ ಕೊಡುವ ಲೆನಕಾಪವಿರ್‌ ಕ್ಯಾಪ್ಸಿಡ್ಡಿನಲ್ಲಿ ಸಿಪಿಎಸ್‌ಎಫ್‌6 ಕೂರುವ ಜಾಗದಲ್ಲೇ ಕೂರುತ್ತದೆ. ಮೂಲಭೂತ ಸಂಶೋಧನೆಗೆ ತಾಳ್ಮೆಯಿಂದ ನೀರೆರೆದ ಸಮಾಜಕ್ಕಷ್ಟೇ ಇಂಥ ಔಷಧ ದಕ್ಕುತ್ತದೆ ಎಂಬುದನ್ನು ಈ ಚರಿತ್ರೆ ಸಾರಿ ಹೇಳುತ್ತದೆ.