ಸಂಬಳದ ನೆರಳಿನಲ್ಲಿ ಪ್ರೇಮ: ಲ್ಯೂಬಿಚ್‌ನ ಒಂದು ಚಿತ್ರ

ಅರ್ನ್ಸ್ಟ್ ಲ್ಯೂಬಿಚ್ 1940ರಲ್ಲಿ ತೆರೆಗೆ ತಂದ ‘ದಿ ಶಾಪ್ ಅರೌಂಡ್ ದ ಕಾರ್ನರ್’ ಚಿತ್ರದ ಸೊಗಸಿಗೆ ನಿರ್ದೇಶಕನ ನವುರಾದ ಕೈಚಳಕವೇ ಕಾರಣವೆಂದು ಹೇಳುವುದು ರೂಢಿ. ಅದು ಸುಳ್ಳಲ್ಲ, ಆದರೆ ಸಾಲದು. ಇಲ್ಲಿನ ಪಾತ್ರಗಳ ಮೆಲುದನಿಗೆ ಕೆಲಸ ಹೋದೀತೆಂಬ ಅಂಜಿಕೆ ಮೂಲ. ನಗುವೂ ಒಲವೂ ಆ ಅಂಜಿಕೆಯೊಳಗಿಂದಲೇ ಹುಟ್ಟುತ್ತವೆ ಎಂಬುದು ಈ ಲೇಖನದ ವಾದ.

ಹಂಗೇರಿಯ ಮಿಕ್ಲೋಸ್ ಲಾಸ್ಲೋ ಬರೆದ ನಾಟಕವನ್ನು ಆಧರಿಸಿ ಸ್ಯಾಮ್ಸನ್ ರಾಫೆಲ್ಸನ್ ಚಿತ್ರಕಥೆ ಹೆಣೆದ. ಬುಡಾಪೆಸ್ಟ್‌ನ ಮಟುಶೆಕ್ ಅಂಗಡಿಯಲ್ಲಿ ಗುಮಾಸ್ತ ಕ್ರಾಲಿಕ್ ಮತ್ತು ಹೊಸದಾಗಿ ಸೇರಿದ ಕ್ಲಾರಾ ಹಗಲಿಡೀ ಜಗಳಾಡುತ್ತಾರೆ. ಯಾರಿಗೆಂದು ತಿಳಿಯದೆ ಪರಸ್ಪರರಿಗೇ ಪತ್ರ ಬರೆಯುತ್ತಿರುತ್ತಾರೆ.

ಅವರ ಮೊದಲ ಭೇಟಿಯನ್ನೇ ನೋಡಿ. ಮುಚ್ಚಳ ತೆಗೆದರೆ ಹಾಡುವ ಸಿಗರೇಟು ಪೆಟ್ಟಿಗೆ ಯಾರಿಗೂ ಬೇಡವೆಂದು ಕ್ರಾಲಿಕ್ ಯಜಮಾನನಿಗೆ ಹೇಳಿರುತ್ತಾನೆ. ಕೆಲಸ ಕೇಳಿಕೊಂಡು ಬಂದ ಕ್ಲಾರಾ ಅದನ್ನು ಮಿಠಾಯಿ ಡಬ್ಬಿಯೆಂದು ಗಿರಾಕಿಯೊಬ್ಬಳಿಗೆ ದಾಟಿಸಿಬಿಡುತ್ತಾಳೆ: ತೆರೆದಾಗಲೆಲ್ಲ ಹಾಡು ಕೇಳಿಸಿದರೆ, ಮಿಠಾಯಿ ಜಾಸ್ತಿಯಾಯಿತೆಂಬ ಎಚ್ಚರ ಬರುತ್ತದಂತೆ! ಅವಳಿಗೆ ಕೆಲಸ ಸಿಕ್ಕಿತು, ಅವನ ಮಾತು ಬಿದ್ದುಹೋಯಿತು. ಮುಂದಿನ ಜಗಳಗಳಿಗೆಲ್ಲ ಬೇರು ಇಲ್ಲಿದೆ. ಇನ್ನು ಅಂಗಡಿಯ ಮತ್ತೊಬ್ಬ ಗುಮಾಸ್ತ ಪಿರೋವಿಚ್. ಯಜಮಾನ ಯಾರದಾದರೂ ಪ್ರಾಮಾಣಿಕ ಅಭಿಪ್ರಾಯ ಕೇಳಿದರೆ ಸಾಕು, ಈ ಸಂಸಾರಸ್ಥ ಅಲ್ಲಿಂದ ಮಾಯ. ಮದುವೆಯ ಯೋಚನೆಯಲ್ಲಿರುವ ಕ್ರಾಲಿಕ್ ಅವನ ಬಳಿ ಮನೆ ಖರ್ಚಿನ ಲೆಕ್ಕ ಕೇಳುತ್ತಾನೆ. ಊಟದ ಕೋಣೆಯೇ ಬೇಡ, ನಿಜವಾದ ಸ್ನೇಹಿತರು ಊಟ ಮುಗಿಸಿಯೇ ಬರುತ್ತಾರೆ ಎಂಬುದು ಪಿರೋವಿಚ್‌ನ ಸಲಹೆ. ನಾವು ನಗುತ್ತೇವೆ, ಅವನಿಗದು ತಿಂಗಳ ಕೊನೆಯ ವಾಸ್ತವ.

ಪತ್ರದ ಗೆಳತಿಯ ಭೇಟಿಗೆ ಗೊತ್ತಾದ ದಿನವೇ ಕ್ರಾಲಿಕ್‌ನ ಕೆಲಸ ಹೋಗುತ್ತದೆ. ಹೋಟೆಲಿನ ಕಿಟಕಿಯಿಂದ ಇಣುಕಿದ ಪಿರೋವಿಚ್ ಮೂಲಕ, ಕಾದು ಕೂತವಳು ಕ್ಲಾರಾ ಎಂದು ಅವನಿಗೆ ತಿಳಿಯುತ್ತದೆ. ಅವಳಿಗೆ ತಿಳಿಯದು. ಆಮೇಲಿನ ಒಂದು ದೃಶ್ಯ ನನ್ನ ಮಟ್ಟಿಗೆ ಚಿತ್ರದ ಶಿಖರ. ಕ್ಯಾಮೆರಾ ಅಂಚೆಪೆಟ್ಟಿಗೆಯ ಹಿಂಬದಿಯಲ್ಲಿದೆ. ಕೈಗವಸು ತೊಟ್ಟ ಕೈಯೊಂದು ಒಳಗೆ ಬಂದು, ತಡಕಾಡಿ, ಬರಿದಾಗಿ ಹಿಂದೆ ಸರಿಯುತ್ತದೆ. ಆ ಚೌಕದಲ್ಲಿ ಕ್ಲಾರಾಳ ಪಾತ್ರ ವಹಿಸಿದ ಸುಲ್ಲಾವನ್‌ಳ ಮುಖ ಕಾಣುತ್ತದೆ. ಅಳುವಿಲ್ಲ, ಮಾತಿಲ್ಲ. ಹಿಂದಿನ ಸಂಜೆ ತನ್ನನ್ನು ಯಃಕಶ್ಚಿತ್ ಗುಮಾಸ್ತನೆಂದು ಜರೆದವಳ ಮೇಲೆ ಕ್ರಾಲಿಕ್‌ಗಿದ್ದ ಮೇಲುಗೈ ಪ್ರೇಕ್ಷಕನ ಕಣ್ಣಿಗೆ ಥಟ್ಟನೆ ಕ್ರೂರವಾಗಿ ಕಾಣತೊಡಗುತ್ತದೆ.

ಇದೇ ಕಥೆ 1998ರಲ್ಲಿ ‘ಯೂ ಹ್ಯಾವ್ ಗಾಟ್ ಮೇಲ್’ ಆಗಿ ಮರಳಿತು. ಅಲ್ಲಿ ನಾಯಕ ದೊಡ್ಡ ಪುಸ್ತಕ ಮಳಿಗೆಗಳ ಒಡೆಯ, ನಾಯಕಿಯ ಪುಟ್ಟ ಅಂಗಡಿ ಮುಚ್ಚಲು ಕಾರಣನೂ ಅವನೇ. ಗುಟ್ಟು ಬಚ್ಚಿಡುವ ಆಟ ಎರಡರಲ್ಲೂ ಒಂದೇ. ಆದರೆ ಕ್ರಾಲಿಕ್ ಕೆಲಸ ಕಳೆದುಕೊಂಡ ಅವಮಾನವನ್ನು ಉಂಡವನು. ಒಡೆಯನಿಗೆ ಅಂಥ ಯಾವ ಅಳುಕೂ ಇಲ್ಲ. ಹಾಗಾಗಿ ಒಬ್ಬನ ಮೌನ ಹಿಂಜರಿಕೆಯಂತೆ ಕಂಡರೆ, ಇನ್ನೊಬ್ಬನದು ಬರೀ ಜಾಣತನ.