ಕಾರ್ಡಸ್, ನೆವಿಲ್

ಕಾರ್ಡಸ್, ನೆವಿಲ್ (1888–1975). ಇಂಗ್ಲೆಂಡಿನ ಕ್ರಿಕೆಟ್ ಬರಹಗಾರ, ಸಂಗೀತ ವಿಮರ್ಶಕ. ಹುಟ್ಟಿದ್ದು ಮ್ಯಾಂಚೆಸ್ಟರಿನ ರಷೋಮ್‌ನಲ್ಲಿ, ಬಡ ಮನೆಯಲ್ಲಿ. ಶಾಲೆಯನ್ನು ಬೇಗನೆ ಬಿಟ್ಟ. ನಾಟಕಶಾಲೆಯಲ್ಲಿ ಚಾಕೊಲೇಟ್ ಮಾರಿ, ವಿಮೆ ಕಚೇರಿಯಲ್ಲಿ ಗುಮಾಸ್ತನಾಗಿ ದುಡಿದ. ಓದಿದ್ದೆಲ್ಲ ಸಾರ್ವಜನಿಕ ಗ್ರಂಥಾಲಯದಲ್ಲಿ. 1912ರಲ್ಲಿ ಶ್ರೂಸ್‌ಬರಿ ಶಾಲೆಯಲ್ಲಿ ಸಹಾಯಕ ಕ್ರಿಕೆಟ್ ತರಬೇತುದಾರನಾದ.

1917ರಲ್ಲಿ 'ಮ್ಯಾಂಚೆಸ್ಟರ್ ಗಾರ್ಡಿಯನ್' ಸೇರಿದ. ಎರಡು ವರ್ಷಗಳ ನಂತರ ಕಾಯಿಲೆ ಬಿದ್ದಾಗ, ಬಿಸಿಲಲ್ಲಿ ಕೂತು ಚೇತರಿಸಿಕೊಳ್ಳಲೆಂದು ಸುದ್ದಿ ಸಂಪಾದಕ ಕ್ರೋಜಿಯರ್ ಅವನನ್ನು ಓಲ್ಡ್ ಟ್ರಾಫರ್ಡ್ ಮೈದಾನಕ್ಕೆ ಕಳಿಸಿದ. ಹಾಗೆ ಶುರುವಾದದ್ದು 'ಕ್ರಿಕೆಟರ್' ಎಂಬ ಅಂಕಿತದ ವರದಿಗಾರಿಕೆ. ಅಲ್ಲಿಯವರೆಗೆ ಪತ್ರಿಕೆಗಳ ಆಟದ ವರದಿ ಬಹುಮಟ್ಟಿಗೆ ರನ್ನು, ವಿಕೆಟ್ಟುಗಳ ಲೆಕ್ಕ. ಕಾರ್ಡಸ್ ಆಟಗಾರನ ನಡಿಗೆ, ಹಠ, ಆಕಾಶದ ಬಣ್ಣಗಳನ್ನೂ ಅದರೊಳಕ್ಕೆ ತಂದ. ಯಾರ್ಕ್‌ಷೈರಿನ ಎಮ್ಮಟ್ ರಾಬಿನ್ಸನ್ ಅಂಥ ದೊಡ್ಡ ತಾರೆಯಲ್ಲ. ಒಂದು ರನ್ನನ್ನೂ ಪುಕ್ಕಟೆ ಕೊಡದ ಆ ಬೌಲರ್ ಕಾರ್ಡಸನ ಕೈಯಲ್ಲಿ ಇಡೀ ಸೀಮೆಯ ಸ್ವಭಾವಕ್ಕೇ ಪ್ರತಿನಿಧಿಯಾದ. ಆಟಗಾರರ ಬಾಯಲ್ಲಿ ಅವರು ಆಡದ ಮಾತನ್ನು ಇಟ್ಟದ್ದೂ ಉಂಟು. ವರದಿಗಾರಿಕೆಯ ದೃಷ್ಟಿಯಿಂದ ಇದು ನಿಜವಾದ ದೋಷ. ಅವನ ಗದ್ಯದ ಸೊಗಸು ಇದನ್ನು ಮುಚ್ಚಲಾರದು.

1927ರಿಂದ ಅದೇ ಪತ್ರಿಕೆಯ ಮುಖ್ಯ ಸಂಗೀತ ವಿಮರ್ಶಕ: ಬೇಸಿಗೆಯಲ್ಲಿ ಮೈದಾನ, ಚಳಿಗಾಲದಲ್ಲಿ ಸಂಗೀತ ಕಛೇರಿ. ಎರಡನೇ ಮಹಾಯುದ್ಧದ ವರ್ಷಗಳನ್ನು ಆಸ್ಟ್ರೇಲಿಯಾದಲ್ಲಿ ಕಳೆದ. ಆತ್ಮಕಥೆ 1947ರಲ್ಲಿ ಪ್ರಕಟವಾಯಿತು. 1967ರಲ್ಲಿ ಸರ್ ಪದವಿ ದೊರೆಯಿತು.